ಆಮೆನ್ ಅಂದ ಔಷಧಿ

ಪಿಲ್ಲಗುಂಪೆ
ಗುರುವಾರ

ಪಾಸ್ಟರ್ ಅಯ್ಯನವರಿಗೆ ಕರ್ತನ ಹೆಸರಿನಲ್ಲಿ ವಂದನೆಗಳು.

ಬೈಬಲ್ ಅಧ್ಯಯನಕ್ಕೆ ನೀವು ಕೊಟ್ಟ ಪುಸ್ತಕದಲ್ಲಿ ನಂಬಿಕೆಯಿಂದ ಗುಣವಾಗುವ ಪಾಠ ಓದಿ, ಅತ್ತೆ ಮಗುವಿನ ಫಿಟ್ಸ್ ಔಷಧಿಯನ್ನು ಬಚ್ಚಲಿಗೆ ಸುರಿದುಬಿಟ್ಟರು. ಮಾರನೇ ದಿನವೇ ಮಗಳು ಕೃಪಾಳಿಗೆ ಮತ್ತೆ ಫಿಟ್ಸ್ ಬಂತು. ಆವತ್ತಿನಿಂದ ನನಗೆ ನಿದ್ದೆಯಿಲ್ಲ.

"ಸುವಾರ್ತೆ ಬರೆದ ಲೂಕನೂ ವೈದ್ಯನೇ ಅಲ್ವಾ ಅತ್ತೆ" ಅಂದೆ. "ಇದು ನಿನ್ನ ಡಿಗ್ರಿ ಮಾತಾಡ್ತಿರೋದು ಕಣೇ, ನಂಬಿಕೆ ಅಲ್ಲ" ಅಂದರು.

ಈಗ ಔಷಧಿ ಮತ್ತೆ ತಂದು ಅತ್ತೆಗೆ ಗೊತ್ತಾಗದಂತೆ ಕುಡಿಸುತ್ತಿದ್ದೇನೆ. ಆದರೆ ಸೋಮವಾರದಿಂದ ನಾನು ಫ್ಯಾಕ್ಟರಿಗೆ ಹೋಗಬೇಕು, ಮಗು ಅತ್ತೆ ಹತ್ತಿರವೇ ಇರುತ್ತದೆ.

ಪುಸ್ತಕ ತಪ್ಪು ಅಂತ ನಾನು ಹೇಳುತ್ತಿಲ್ಲ ಅಯ್ಯನವರೇ. ಈ ಪತ್ರದ ಜೊತೆ ಅದೇ ಔಷಧಿಯ ಇನ್ನೊಂದು ಹೊಸ ಬಾಟಲಿ ಕಳಿಸಿದ್ದೇನೆ. ಭಾನುವಾರ ಎಲ್ಲರ ಮುಂದೆ ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಅತ್ತೆ ಕೈಗೇ ಕೊಡಿ. ಬೆಳಿಗ್ಗೆ ಸಂಜೆ ತಪ್ಪದೆ ಕುಡಿಸಮ್ಮ ಅಂತ ನೀವೇ ಹೇಳಿ. ಸಭೆಯೆಲ್ಲ ಆಮೆನ್ ಅಂದದ್ದನ್ನು ಅವರು ಚೆಲ್ಲುವುದಿಲ್ಲ.

ನಿಮ್ಮ ಸಭೆಯ ಮಗಳು,
ಸುಹಾಸಿನಿ