ನನಗೇ ಯಾಕೆ ಆ ವಿಷಯ

9-8-1961, ಬುಧವಾರ. ಚಿಂತಾಮಣಿ

ಹಾಸ್ಟೆಲ್ ಮುದ್ದೆ ಇವತ್ತೂ ಒಳಗೆಲ್ಲ ಹಸಿ ಹಿಟ್ಟು. ನುಂಗಿ ಸ್ಕೂಲಿಗೆ ಓಡಿದೆ. ಕನ್ನಡ ಪೀರಿಯಡ್ಡಿನಲ್ಲಿ ವೆಂಕಟರವಣಪ್ಪ ಮೇಷ್ಟ್ರು ಭಾಷಣಕ್ಕೆ ಹೆಸರು ಬರೆದುಕೊಂಡರು. ಹತ್ತೊಂಬತ್ತಕ್ಕಂತೆ. ವಿಷಯ ನಿಮ್ಮಿಷ್ಟ ಅಂದರು. ಒಬ್ಬ ಕ್ರಿಕೆಟ್ ಅಂದ, ಇನ್ನೊಬ್ಬ ಮೈಸೂರು ದಸರಾ. ಎರಡಕ್ಕೂ ಆಗಲಿ, ಆಗಲಿ ಅಂದರು. ನಾನು ರಾಕೆಟ್ ಅಂದೆ. ಮೊನ್ನೆ ರಷ್ಯಾದವನೊಬ್ಬ ಆಕಾಶದಲ್ಲೇ ನಿದ್ದೆ ಮಾಡಿ ಬಂದನಲ್ಲ, ಅದು.

ಮೇಷ್ಟ್ರು ನಕ್ಕರು. "ನಿಂಗೆ ಅಸ್ಪೃಶ್ಯತಾ ನಿವಾರಣೆ ಇಟ್ಟಿದ್ದೀನಿ ಕಣಪ್ಪ ಕೋನಪ್ಪ. ನಿನ್ ಬಾಯಲ್ಲಿ ಬಂದ್ರೆ ಎಲ್ರಿಗೂ ನಾಟುತ್ತೆ."

ಹೋದ ವರ್ಷವೂ ಅದೇ. ಮಿಡ್ಲ್ ಸ್ಕೂಲಿನಲ್ಲೂ ಅದೇ. ಹರಿಜನ ಹಾಸ್ಟೆಲಿನ ಹುಡುಗನಿಗೆ ಆಕಾಶ ಕಾಣುವುದಿಲ್ಲವೇನು? ಮೈಯೆಲ್ಲ ಉರಿಯುತ್ತಿದೆ.

11-8, ಶುಕ್ರವಾರ

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದೆ. ರಾಕೆಟ್ಟೇ ಕೊಡಿ ಸಾರ್.

"ರಾಕೆಟ್ ಬಗ್ಗೆ ಯಾರ್ ಬೇಕಾದ್ರೂ ಹೇಳ್ತಾರೆ ಕಣೋ."

ಆ "ಯಾರ್ ಬೇಕಾದ್ರೂ"ನಲ್ಲಿ ನಾನಿಲ್ಲವೇ? — ಇದು ಅಲ್ಲಿ ಬಾಯಿಗೆ ಬರಲಿಲ್ಲ. ವಾಪಸು ಬರುವಾಗ ದಾರಿಯಲ್ಲಿ ಬಂತು. ದರಿದ್ರ ಬಾಯಿ.

ಭಾಷಣ ಅವರೇ ಬರೆದು ಕೊಟ್ಟಿದ್ದಾರೆ. ಬೈಹಾರ್ಟ್ ಮಾಡಬೇಕು. ಮೊದಲ ಸಾಲು — "ನಮ್ಮ ಶಾಲೆಯಲ್ಲಿ ಭೇದಭಾವವೆಂಬುದೇ ಇಲ್ಲ." ಕೆಟ್ಟವರಲ್ಲ ಮೇಷ್ಟ್ರು. ನನಗೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರೇ. ಅದಕ್ಕೇ ಬೈಯಲೂ ಆಗುವುದಿಲ್ಲ.

14-8, ಸೋಮವಾರ

ರಾಕೆಟ್ ರಾಮಾಂಜಿನಪ್ಪನಿಗೆ ಹೋಯಿತು! ನನ್ನ ಮುಂದಿನ ಬೆಂಚಿನವನು. ಸಂಜೆ ಹಾಸ್ಟೆಲ್ ಹತ್ತಿರ ಬಂದ. ಒಳಗೆ ಬರಲಿಲ್ಲ, ಗೇಟಿನಲ್ಲೇ ನಿಂತ. "ಅದು ಮೇಲಿಂದ ಯಾಕೋ ಬೀಳಲ್ಲ? ವಸಿ ಹೇಳ್ಕೊಡೋ."

ಹೇಳಿಕೊಟ್ಟೆ. ಕಲ್ಲಿಗೆ ಹಗ್ಗ ಕಟ್ಟಿ ತಿರುಗಿಸಿ ತೋರಿಸಿದೆ ಬೇರೆ. ನನ್ನಂಥ ಬೆಪ್ಪ ಇನ್ನೊಬ್ಬನಿಲ್ಲ.

19-8, ಶನಿವಾರ. ಸಂಜೆ

ಬರೆದುಬಿಡಬೇಕು.

ಮೇಜಿನ ಮೇಲೆ ಚೊಂಬು, ಲೋಟ ಇಟ್ಟಿದ್ದರು, ಮಾತಾಡುವವರಿಗೆ ಅಂತ. ರಾಮಾಂಜಿನಪ್ಪ ಗಟಗಟ ಕುಡಿದು, ನನ್ನ ಕಲ್ಲು-ಹಗ್ಗವನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ. ಆಮೇಲೆ ನನ್ನ ಹೆಸರು ಕರೆದರು. ಜವಾನ ನಲ್ಲಪ್ಪ ಬಂದು ಚೊಂಬು, ಲೋಟ ಎರಡನ್ನೂ ಎತ್ತಿ ಕಿಟಕಿಯಲ್ಲಿಟ್ಟ. ಯಾರೂ ಹೇಳಿರಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ.

"ನಮ್ಮ ಶಾಲೆಯಲ್ಲಿ ಭೇದಭಾವ..." ಅಂದೆ. ಮುಂದಕ್ಕೆ ಹೋಗಲಿಲ್ಲ. ಸುಳ್ಳು ಹೇಳಲು ಗಂಟಲಿನಲ್ಲಿ ಪಸೆಯೂ ಇರಲಿಲ್ಲ.

"ಸಾರ್, ಆ ಚೊಂಬು ಇಲ್ಲಿಗೆ ತರಿಸಿ. ಇಲ್ದಿದ್ರೆ ನಾನು ರಾಕೆಟ್ ಬಗ್ಗೇನೇ ಮಾತಾಡ್ತೀನಿ."

ಮೇಷ್ಟ್ರ ಮುಖ ಸಪ್ಪಗಾಯಿತು. ನಲ್ಲಪ್ಪನನ್ನು ಗದರಿದರು. ತಾವೇ ಎದ್ದು ಹೋಗಿ ಚೊಂಬು ತಂದರು. ಲೋಟ ತರಲಿಲ್ಲ. ಪ್ರೀತಿಯಿಂದಲೇ ಅಂದರು — "ಬೊಗಸೆ ಹಿಡಿಯಪ್ಪ, ನಾನೇ ಹುಯ್ತೀನಿ."

ಎರಡು ಕೈಯನ್ನೂ ಚಡ್ಡಿ ಜೇಬಿಗೆ ತುರುಕಿದೆ. ಕ್ಲಾಸಿನ ಕಡೆ ತಿರುಗಿದೆ.

"ಸ್ನೇಹಿತರೇ, ರಾಮಾಂಜಿನಪ್ಪ ಹೇಳಿದ್ದು ಅರ್ಧ. ಅದು ಮೇಲಿಂದ ಯಾಕೆ ಬೀಳುವುದಿಲ್ಲ ಅಂದರೆ —"