ಎರಡು ಕಡೆ ಪೂರ್ಣಾವಧಿಯಾಗಿದ್ದ ಒಬ್ಬ ಮೇಷ್ಟ್ರು

ಖಾಸಗಿ ವಿಶ್ವವಿದ್ಯಾಲಯಗಳ ಮೇಲ್ವಿಚಾರಣಾ ಕಚೇರಿಯ ಮುಖ್ಯಸ್ಥರಿಗೆ ಬಹಿರಂಗ ಪತ್ರ.

ಮಾನ್ಯರೇ,

ಅನುಶ್ರೀ ಎಂಬ ಹುಡುಗಿ ಹದಿನಾರು ವಾರ ಪಾಠ ಕೇಳಿ, ಪರೀಕ್ಷೆ ಬರೆದು, ಎಂಬತ್ತೊಂದು ಅಂಕ ತೆಗೆದ ಮಣ್ಣುವಿಜ್ಞಾನವನ್ನು ಅವಳು ಓದಿಯೇ ಇಲ್ಲ ಎಂದು ತಮ್ಮ ಕಚೇರಿ ತೀರ್ಮಾನಿಸಿದೆ. ಆ ಒಂದು ವಿಷಯಕ್ಕಾಗಿ ಅವಳ ಪದವಿ ನಿಂತಿದೆ. ಈ ತಿಂಗಳು ಮುಗಿಯುವುದರೊಳಗೆ ಅಂಕಪಟ್ಟಿ ಒಪ್ಪಿಸದಿದ್ದರೆ ಬೆಳೆಗಾರರ ಸಂಘವೊಂದರಲ್ಲಿ ಅವಳಿಗೆ ಸಿಕ್ಕಿರುವ ಕೆಲಸವೂ ಕೈತಪ್ಪುತ್ತದೆ. ತಮ್ಮನ್ನು ಬೈಯಬೇಕೆಂದೇ ಬರೆಯಲು ಕೂತೆ. ಬೈಯುತ್ತೇನೆ ಕೂಡ. ಆದರೆ ತಪ್ಪಿನ ದೊಡ್ಡ ಪಾಲು ನನ್ನದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಗಾಳಿಬೀಡಿನ ರಸ್ತೆಯಲ್ಲಿರುವ ಒಂದು ಸಣ್ಣ ಖಾಸಗಿ ವಿಶ್ವವಿದ್ಯಾಲಯದ ಉಪ ಕುಲಸಚಿವೆ. ಎಷ್ಟು ಸಣ್ಣದೆಂದರೆ, ನಮ್ಮ ಘಟಿಕೋತ್ಸವದಲ್ಲಿ ಗೌನು ತೊಟ್ಟವರಿಗಿಂತ ಊಟಕ್ಕೆ ಬಂದವರೇ ಹೆಚ್ಚು. ಕೊಡ್ಲಿಪೇಟೆಯ ಹತ್ತಿರ ನಮ್ಮಂಥದ್ದೇ ಇನ್ನೊಂದಿದೆ. ನಮ್ಮಲ್ಲಿ ಸಂಖ್ಯಾಶಾಸ್ತ್ರಕ್ಕೆ ಮೇಷ್ಟ್ರಿದ್ದಾರೆ, ಮಣ್ಣುವಿಜ್ಞಾನಕ್ಕಿಲ್ಲ. ಅವರಲ್ಲಿ ಮಣ್ಣುವಿಜ್ಞಾನಕ್ಕೆ ಸಿದ್ದರಾಜು ಇದ್ದಾರೆ, ಸಂಖ್ಯಾಶಾಸ್ತ್ರಕ್ಕೆ ಯಾರೂ ಇಲ್ಲ. ಅಕ್ಕಪಕ್ಕದ ಎರಡು ಮನೆಯವರಾಗಿದ್ದರೆ ಏನು ಮಾಡುತ್ತಿದ್ದರು? ನಿಮ್ಮಲ್ಲಿದ್ದದ್ದು ನಮಗೆ, ನಮ್ಮಲ್ಲಿದ್ದದ್ದು ನಿಮಗೆ ಎನ್ನುತ್ತಿದ್ದರು. ಆದರೆ ತಮ್ಮ ನಮೂನೆಯಲ್ಲಿ ಹಂಚಿಕೊಂಡ ಅಧ್ಯಾಪಕರಿಗೆ ಜಾಗವೇ ಇಲ್ಲ. ಪೂರ್ಣಾವಧಿ ಅಧ್ಯಾಪಕರು ಇದ್ದಾರೆ ಅಥವಾ ಇಲ್ಲ, ಅಷ್ಟೇ. ಇಲ್ಲ ಎಂದು ಬರೆದರೆ ಕೋರ್ಸಿಗೆ ಮಾನ್ಯತೆ ಇಲ್ಲ.

ಹಾಗಾಗಿ ಎರಡು ವರ್ಷದ ಹಿಂದೆ, ತಮ್ಮ ತಪಾಸಣಾ ಸಮಿತಿ ಬರುವ ಮುನ್ನಾದಿನ ನಾನು ಸಿದ್ದರಾಜು ಅವರಿಗೆ ಫೋನ್ ಮಾಡಿದೆ. ಕೇಳಲು ನಾಚಿಕೆಯಾಗಿ ತಡವರಿಸುತ್ತಿದ್ದೆ. ಅವರೇ ಸಮಾಧಾನ ಮಾಡಿದರು. "ಅದಕ್ಯಾಕೆ ಮೇಡಂ ಅಷ್ಟೊಂದು ಸಂಕೋಚ? ಒಂದಿನ ಬಂದು ಕೂತ್ಕೊಳ್ತೀನಿ ಬಿಡಿ. ಹೋದ ತಿಂಗ್ಳು ನಮ್ ತಪಾಸಣೆಗೆ ನಿಮ್ ಸ್ಟಾಟಿಸ್ಟಿಕ್ಸ್ ಮೇಷ್ಟ್ರು ಬಂದು ಕೂತಿರ್ಲಿಲ್ವಾ?"

ಬಂದರು, ಕೂತರು. ಬಾಗಿಲಿಗೆ ಅವರ ಹೆಸರಿನ ಫಲಕ ಹಾಕಿಸಿದವಳು ನಾನು. ನಮ್ಮ ಪೂರ್ಣಾವಧಿ ಅಧ್ಯಾಪಕರ ಪಟ್ಟಿಯಲ್ಲಿ ಅವರ ಹೆಸರು ಸೇರಿಸಿ ಸಹಿ ಮಾಡಿದವಳೂ ನಾನೇ. ಸಮಿತಿಯ ಹಿರಿಯರೊಬ್ಬರು ಸಿದ್ದರಾಜು ಅವರನ್ನು ಕನ್ನಡಕದ ಮೇಲಿಂದ ನೋಡಿ, "ನಿಮ್ಮನ್ನ ಎಲ್ಲೋ ನೋಡಿದೀನಲ್ರೀ" ಎಂದರು. ನೋಡಿದ್ದರು, ತಿಂಗಳ ಹಿಂದೆ, ಕೊಡ್ಲಿಪೇಟೆಯಲ್ಲಿ. "ನನ್ ಮುಖಾನೇ ಹಂಗೆ ಸಾರ್, ಎಲ್ರೂ ಹಂಗೇ ಅಂತಾರೆ" ಎಂದರು ನಮ್ಮ ಮೇಷ್ಟ್ರು. ಹಿರಿಯರು ನಕ್ಕು, ಕಾಫಿ ಕುಡಿದು, ಮುಂದಿನ ಕೊಠಡಿಗೆ ಹೋದರು. ನಮಗೆ ಮಾನ್ಯತೆ ಬಂತು. ಒಬ್ಬ ಮನುಷ್ಯ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದ ಎರಡು ಕಡೆ ದಿನವಿಡೀ ಕೆಲಸ ಮಾಡುತ್ತಾನೆಂಬ ಎರಡು ಪಟ್ಟಿಗಳು ತಮ್ಮ ಒಂದೇ ಬೀರುವಿನಲ್ಲಿ ಅಂದಿನಿಂದ ನೆಮ್ಮದಿಯಾಗಿ ಮಲಗಿವೆ. ಇದಕ್ಕೆ ನಮ್ಮ ವಲಯದಲ್ಲಿ ಅಡ್ಜಸ್ಟ್‌ಮೆಂಟ್ ಎಂದು ಹೆಸರು.

ಮಾನ್ಯತೆ ಬಂತು, ಪಾಠ ಹೇಳುವವರು ಬರಲಿಲ್ಲ. ಆ ವರ್ಷ ಮಣ್ಣುವಿಜ್ಞಾನ ಆರಿಸಿಕೊಂಡವಳು ಅನುಶ್ರೀ ಒಬ್ಬಳೇ. ಅವಳಿಗೆ ಮೋಸವಾಗಬಾರದೆಂದು, ನಿಜ ಹೇಳಬೇಕೆಂದರೆ ನಾನು ಬರೆದ ಸುಳ್ಳು ನನ್ನನ್ನೇ ಚುಚ್ಚುತ್ತಿದ್ದುದರಿಂದ, ಎರಡೂ ವಿಶ್ವವಿದ್ಯಾಲಯಗಳು ಸೇರಿ ಒಂದು ನೆಟ್ಟಗಿನ ಒಡಂಬಡಿಕೆ ಮಾಡಿಕೊಂಡೆವು. ನಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಓದಬಹುದು, ಅವರವರು ಇಲ್ಲಿಗೆ ಬರಬಹುದು, ಅಂಕ ಇಬ್ಬರಿಗೂ ಒಪ್ಪಿಗೆ. ಕುಶಾಲನಗರದ ಪಕ್ಕದ ಹಳ್ಳಿಯಿಂದ ಅವಳು ಪ್ರತಿ ಶುಕ್ರವಾರ, ಶನಿವಾರ ಮೊದಲ ಬಸ್ಸು ಹಿಡಿದು, ಸೋಮವಾರಪೇಟೆಯಲ್ಲಿ ಇಳಿದು ಇನ್ನೊಂದು ಹತ್ತಿ, ಕೊಡ್ಲಿಪೇಟೆಗೆ ಹೋದಳು. ಒಂದು ತರಗತಿಯನ್ನೂ ತಪ್ಪಿಸಲಿಲ್ಲ.

ಅವಳ ಅಂಕಗಳನ್ನು ಕಳಿಸಿದಾಗ ತಮ್ಮಿಂದ ಬಂದ ಉತ್ತರ ಹೀಗಿತ್ತು: "ಸದರಿ ವಿಷಯದ ಪೂರ್ಣಾವಧಿ ಅಧ್ಯಾಪಕರು ತಮ್ಮಲ್ಲಿಯೇ ಲಭ್ಯವಿರುವುದರಿಂದ ಅನ್ಯ ವಿಶ್ವವಿದ್ಯಾಲಯದ ಅಂಕಗಳನ್ನು ಪರಿಗಣಿಸಲು ಅವಕಾಶವಿರುವುದಿಲ್ಲ." ಅವಳಿಗೆ ಪಾಠ ಹೇಳಿದವರು ಸಿದ್ದರಾಜು. ನಮ್ಮಲ್ಲೇ ಲಭ್ಯವಿದ್ದಾರೆಂದು ತಾವು ಹೇಳುವವರೂ ಅದೇ ಸಿದ್ದರಾಜು. ನಾವು ಕಳ್ಳತನದಲ್ಲಿ ಹಂಚಿಕೊಂಡಾಗ ಶಹಬ್ಬಾಸ್ ಎಂದಿರಿ, ರಾಜಾರೋಷವಾಗಿ ಹಂಚಿಕೊಂಡಾಗ ಕಾನೂನು ನೆನಪಾಯಿತೇ? ದೊಡ್ಡ ವಿಶ್ವವಿದ್ಯಾಲಯಗಳಿಗೆ ಇದು ಬೇಕಾಗಿಲ್ಲ, ಅವರಲ್ಲಿ ಒಂದು ವಿಷಯಕ್ಕೆ ನಾಲ್ಕು ಜನರಿದ್ದಾರೆ. ನಮ್ಮಂಥವರು ಒಬ್ಬರನ್ನೊಬ್ಬರು ಹಿಡಿದುಕೊಂಡೇ ನಿಲ್ಲಬೇಕು. ಅದಕ್ಕೆ ದಾರಿ ಮಾಡಿಕೊಡದೆ, ನಾವೆಲ್ಲ ಸುಳ್ಳು ಬರೆಯುತ್ತೇವೆಂದು ಗೊತ್ತಿದ್ದೂ ಓದುತ್ತ ಕೂರುವುದಕ್ಕೆ ಮೇಲ್ವಿಚಾರಣೆ ಎನ್ನಬಹುದೇ?

ಬೈದದ್ದಾಯಿತು. ಇನ್ನು ನನ್ನ ಸರದಿ. ಆ ಉತ್ತರ ಬಂದು ಎಂಟು ತಿಂಗಳಾಯಿತು. ಸಹಾನುಭೂತಿಯಿಂದ ಪರಿಗಣಿಸಬೇಕೆಂದು ಮೂರು ಪತ್ರ ಬರೆದೆ. ಬರೆಯಬೇಕಾಗಿದ್ದ ಒಂದೇ ವಾಕ್ಯ, ನಮ್ಮಲ್ಲಿ ಮಣ್ಣುವಿಜ್ಞಾನದ ಅಧ್ಯಾಪಕರು ಎಂದೂ ಇರಲಿಲ್ಲ ಎಂಬುದು, ಮೂರರಲ್ಲೂ ಇಲ್ಲ. ಸಿದ್ದರಾಜು ಅವರ ಕೆಲಸಕ್ಕೆ ಕುತ್ತು ಬರುತ್ತದೆ, ಉಳಿದ ಮಕ್ಕಳಿಗೆ ತೊಂದರೆಯಾಗುತ್ತದೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅಸಲಿಗೆ ಹೆದರಿದ್ದು ನನ್ನ ಕುರ್ಚಿಗೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು.

ಕಳೆದ ವಾರ ಅನುಶ್ರೀ ತನ್ನ ತಂದೆ ಸಣ್ಣಸ್ವಾಮಿಯವರೊಂದಿಗೆ ಕಚೇರಿಗೆ ಬಂದಳು. ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿ ಶುಂಠಿ ಬೆಳೆಯುವವರು. ಕೂರಿ ಎಂದರೂ ಕೂರಲಿಲ್ಲ. "ಅಮ್ಮಾವ್ರೇ, ನನ್ ಮಗ್ಳು ಬಸ್ನಾಗೆ ಹೋಗಿದ್ದು ಸುಳ್ಳಾ, ಪಾಠ ಕೇಳಿದ್ದು ಸುಳ್ಳಾ? ಯಾವ್ದು ಸುಳ್ಳು ಅಂತ ಒಂದ್ ಮಾತು ಹೇಳ್ಬುಡಿ, ನಾವು ಸುಮ್ಕಾಯ್ತೀವಿ" ಎಂದರು.

ಅನುಶ್ರೀ ಅಪ್ಪನ ತೋಳು ಹಿಡಿದಳು. "ಸುಮ್ನಿರಪ್ಪ. ನಮ್ಗೋಸ್ಕರ ಓಡಾಡ್ತಿರೋದು ಮೇಡಂ ಒಬ್ರೇ, ಅವ್ರನ್ನೇ ಕೇಳಿದ್ರೆ ಹೆಂಗೆ?"

ಆಗಲೂ ನಾನು "ನೋಡೋಣಮ್ಮ" ಎಂದೆ, ಅಷ್ಟೇ.

ಆದ್ದರಿಂದ ಈಗ ಬರೆಯುತ್ತಿದ್ದೇನೆ. ಪಟ್ಟಿಯಲ್ಲಿ ಸುಳ್ಳು ಬರೆದವಳು ನಾನು, ಅದಕ್ಕಾಗಿ ಸಿದ್ದರಾಜು ಅವರನ್ನು ಕರೆದವಳೂ ನಾನು. ಇದನ್ನೇ ನನ್ನ ತಪ್ಪೊಪ್ಪಿಗೆಯೆಂದು ತಿಳಿದು ಬೇಕಾದ ಕ್ರಮ ಜರುಗಿಸಿ, ನಾನು ತಕರಾರು ಮಾಡುವುದಿಲ್ಲ. ನಮ್ಮಲ್ಲಿ ಅಧ್ಯಾಪಕರಿಲ್ಲವೆಂದ ಮೇಲೆ ಅವಳನ್ನು ತಡೆಯಲು ತಮ್ಮ ಬಳಿ ಕಾರಣವೂ ಉಳಿಯುವುದಿಲ್ಲ. ಮೂವತ್ತನೇ ತಾರೀಖಿಗೆ ಮೊದಲು ಅವಳ ಎಂಬತ್ತೊಂದು ಅಂಕ ಅವಳಿಗೆ ಕೊಡಿ. ಆಮೇಲೆ ಆ ನಮೂನೆಗೆ ಹಂಚಿಕೊಂಡ ಅಧ್ಯಾಪಕರು ಎಂದು ಒಂದು ಸಾಲು ಸೇರಿಸಿ.

ಇದನ್ನು ಪತ್ರಿಕೆಗೆ ಕೊಡುವ ಮೊದಲು ಆ ಹುಡುಗಿಯನ್ನು ಕರೆದು ಎದುರಿಗೇ ಹೇಳಬೇಕಿತ್ತು. ಎರಡು ಸಲ ಫೋನ್ ಎತ್ತಿಕೊಂಡೆ, ಧೈರ್ಯ ಬರಲಿಲ್ಲ. ತಾವು ಓದುವ ಹೊತ್ತಿಗೆ ಅವಳೂ ಓದುತ್ತಿರುತ್ತಾಳೆ, ಸುಳ್ಳು ನನ್ನದೆಂದು ಅವಳಿಗೆ ತಿಳಿಯುವುದು ಇದೇ ಮೊದಲ ಸಲ.

ಇಂತಿ,
ತಮ್ಮ ಕಡತಗಳಲ್ಲಿ ಇಂದಿನವರೆಗೂ ನಂಬಿಕಸ್ಥಳಾಗಿದ್ದ
ಗೋಮತಿ
ಮಡಿಕೇರಿ