ಪ್ಲಸ್ ಪಕ್ಕದ ಗುಂಡಿಗಳು

ಏಪ್ರಿಲ್ 12, ಶನಿವಾರ. ಗಂಟರ್ಸ್‌ವಿಲ್

ನಿನ್ನೆ ಪಕ್ಕದ ಮನೆಯ ಹೋಯ್ಟ್ ನಮ್ಮ ದೋಣಿಗೆ ಹಗ್ಗ ಕಟ್ಟಿ ದಡಕ್ಕೆ ಎಳೆದದ್ದು ಮನಸ್ಸಿನಿಂದ ಹೋಗುತ್ತಿಲ್ಲ. "ಏನೋ ವರ್ಲನ್, ಊರಿಗೆಲ್ಲ ವೈರಿಂಗ್ ಮಾಡ್ದೋನು ನೀನೇನಾ?" ಅಂದ. ನನ್ನ ಗಂಡ ನಗಲಿಲ್ಲ. ಒಂದು ಬ್ಯಾಟರಿಯ ಪ್ಲಸ್ಸಿನಿಂದ ಇನ್ನೊಂದರ ಮೈನಸ್ಸಿಗೆ ಹೋಗಬೇಕಾದ ವೈರನ್ನು ಪ್ಲಸ್ಸಿಗೇ ಸಿಕ್ಕಿಸಿದ್ದ; ದಡದಿಂದ ತಳ್ಳಿಕೊಂಡು ನೀರಿಗಿಳಿದ ಮೇಲೆ ದೋಣಿಯ ಮೋಟರು ಮಿಸುಕಲಿಲ್ಲ. ಮಂಜಾದ ಅವನ ಕಣ್ಣಿಗೆ ಈಗ ಕೆಂಪು ವೈರೂ ಕಪ್ಪು ವೈರೂ ಒಂದೇ. "ದೋಣಿ ಮಾರಿಬಿಡೋಣ ನೆಲ್ಡಾ" ಅಂದ.

ವೈರನ್ನು ನಾನೇ ಹಾಕಬಹುದಿತ್ತು. ಆದರೆ ಅದನ್ನೂ ಆ ಕೈಯಿಂದ ಕಿತ್ತುಕೊಳ್ಳುವುದೇ? ಇವತ್ತು ಅವನು ಕ್ಷೌರಕ್ಕೆ ಹೋದಾಗ ಎರಡೂ ಬ್ಯಾಟರಿಗಳ ಪ್ಲಸ್ ಪಕ್ಕ ಲಂಗರಿನ ಉಬ್ಬು ಗುರುತಿನ ಒಂದೊಂದು ಅಂಗಿಗುಂಡಿ ಅಂಟಿಸಿದೆ. ಮೋಟರಿನ ಪ್ಲಸ್ ವೈರಿಗೂ ಒಂದು ಕಟ್ಟಿದೆ. ಬೆರಳಿಗೆ ಸಿಕ್ಕರೆ ಸಾಕು. ಅವನಿಗೆ ಹೇಳಲಿಲ್ಲ.

ಸಂಜೆ ಅವನು ದೋಣಿಯ ಷೆಡ್ಡಿಗೆ ಹೋದ. ಆಮೇಲೆ ಮೋಟರು ಗುಂಯ್ ಅಂದಿತು. ಬ್ಯಾಟರಿ ಚಾರ್ಜಿಗೆ ಹಾಕಿ ಊಟಕ್ಕೆ ಬಂದು ಕೂತ.

"ನಾಳೆ ಚರ್ಚಿಗೆ ಆ ನೀಲಿ ಅಂಗಿ ಆಗಲ್ಲ ಅನ್ಸುತ್ತೆ."

"ಯಾಕೆ?"

"ಅದರ ಗುಂಡೀನ ಬ್ಯಾಟರಿ ಹಾಕ್ಕೊಂಡಿದೆ ಕಣೇ."

ಮೇಜಿನ ಕೆಳಗೆ ತಡವಿ ನನ್ನ ಕೈ ಹಿಡಿದ. ದೋಣಿ ಮಾರುವ ಮಾತು ಮತ್ತೆ ಬರಲಿಲ್ಲ.

ಬೇರೆ ಗುಂಡಿ ಹೊಲಿದುಕೊಡಲು ಹೋದರೆ ಬೇಡವೆಂದ. ಗುಂಡಿಯಿಲ್ಲದ ಆ ಅಂಗಿಯನ್ನೇ ಚರ್ಚಿಗೆ ಹಾಕಿಕೊಂಡು ಬರುತ್ತಾನಂತೆ, ಎಲ್ಲರ ಮುಂದೆ.